ಪದಕಪಟ್ಟಿಯ ಆಚೆಗೊಂದು ಕುಣಿತ

2018ರ ಫೆಬ್ರವರಿ. ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಐಸ್ ಡ್ಯಾನ್ಸ್‌ನ ಮೊದಲ ಸುತ್ತು ಮುಗಿದಾಗ ಚೀನಾದ ವಾಂಗ್ ಶಿಯುವೆ ಮತ್ತು ಆಕೆಯ ಜೊತೆಗಾರ ಲ್ಯು ಶಿನ್‌ಯು 22ನೆಯ ಸ್ಥಾನದಲ್ಲಿದ್ದರು. ಎರಡನೆಯ ಸುತ್ತಿಗೆ ಅವಕಾಶವಿದ್ದದ್ದು 20 ಜೋಡಿಗಳಿಗೆ. ಆ ಸುತ್ತಿಗೆಂದು ಕಲಿತಿದ್ದ ನೃತ್ಯ ಒಲಿಂಪಿಕ್ಸ್ ಅಂಕಣಕ್ಕೆ ಇಳಿಯಲೇ ಇಲ್ಲ.

ಫಿಗರ್ ಸ್ಕೇಟಿಂಗ್‌ನಲ್ಲಿ ಹೆಣ್ಣು ಗಂಡು ಕೂಡಿ ಆಡುವ ಸ್ಪರ್ಧೆಗಳು ಎರಡು. ‘ಪೇರ್ಸ್’ನಲ್ಲಿ ಜೊತೆಗಾತಿಯನ್ನು ತಲೆಯ ಮೇಲೆತ್ತಬೇಕು, ಗಾಳಿಗೆ ಎಸೆಯಬೇಕು. ಐಸ್ ಡ್ಯಾನ್ಸ್‌ನಲ್ಲಿ ಇವೆರಡಕ್ಕೂ ಅವಕಾಶವಿಲ್ಲ. ಅಲ್ಲಿ ಎಣಿಕೆಗೆ ಬರುವುದು ಹೆಜ್ಜೆ, ಲಯ, ಇಬ್ಬರ ನಡುವಿನ ಹೊಂದಾಣಿಕೆ.

ಚೀನಾದ ಕ್ರೀಡಾಚರಿತ್ರೆ ಹೆಮ್ಮೆಯಿಂದ ಹೇಳುವುದು ಪೇರ್ಸ್ ಕಥೆಯನ್ನು. 1980ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಯಾವ್ ಬಿನ್ ಮತ್ತು ಲುವಾನ್ ಬೋ ಕಟ್ಟಕಡೆಯ ಸ್ಥಾನ ಪಡೆದರು. ಅದೇ ಯಾವ್ ಬಿನ್ ಮುಂದೆ ಗುರುವಾಗಿ ಬೆಳೆಸಿದ ಶೆನ್ ಶುವೆ ಮತ್ತು ಝಾವೋ ಹಾಂಗ್‌ಬೋ 2010ರಲ್ಲಿ ವ್ಯಾಂಕೂವರ್‌ನಲ್ಲಿ ಚಿನ್ನ ಗೆದ್ದರು. ಬಿದ್ದು ಎದ್ದವರ ಕಥೆ. ಹೇಳಲೂ ಸುಲಭ, ಕೇಳಲೂ ಹಿತ.

ಐಸ್ ಡ್ಯಾನ್ಸ್‌ನ ದಾರಿ ಬೇರೆ. ಯುರೋಪಿನ ಬಾಲ್‌ರೂಮ್ ನೃತ್ಯಗಳಿಂದ ಬೆಳೆದ ಈ ಆಟ 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೂ 1976ರಲ್ಲಿ ಒಲಿಂಪಿಕ್ಸ್‌ಗೂ ಸೇರಿತು. ನೆಗೆತ, ಎಸೆತಗಳನ್ನು ಸಾವಿರ ಸಲ ಮಾಡಿ ಮೈಗೂಡಿಸಿಕೊಳ್ಳಬಹುದು. ಪರದೇಶದ ಲಯವೊಂದು ಮೈಗೆ ಹತ್ತಬೇಕಾದರೆ ಅದನ್ನು ಬಲ್ಲವರ ನಡುವೆ ಬದುಕಬೇಕಾಗುತ್ತದೆ.

ವಾಂಗ್ ಹುಟ್ಟಿದ್ದು 1994ರಲ್ಲಿ, ಈಶಾನ್ಯ ಚೀನಾದ ಚಾಂಗ್‌ಚುನ್ ನಗರದಲ್ಲಿ. 2017ರ ಸಪ್ಪೊರೊ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಆಕೆ ಮತ್ತು ಲ್ಯು ಚಿನ್ನ ಗೆದ್ದಿದ್ದರು. ಏಷ್ಯಾದಲ್ಲಿ ಮೊದಲಿಗರಾದವರು ಮರುವರ್ಷ ಒಲಿಂಪಿಕ್ಸ್‌ನಲ್ಲಿ 22ನೆಯವರಾದರೆಂದರೆ ಅಂತರ ಎಷ್ಟಿತ್ತೆಂದು ಊಹಿಸಬಹುದು. ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ, ಫ್ರಾನ್ಸ್‌ನ ಪಾಪದಾಕಿಸ್–ಸಿಜರೋನ್ ಜೋಡಿ ಕಲಿಯುತ್ತಿದ್ದ ಗುರುಗಳ ಬಳಿಯೇ ಕಲಿತರು.

2022ರ ಬೀಜಿಂಗ್ ಒಲಿಂಪಿಕ್ಸ್‌ನ ಸ್ಪರ್ಧೆ ನಡೆದದ್ದು 1968ರಲ್ಲಿ ಕಟ್ಟಿದ ಕ್ಯಾಪಿಟಲ್ ಒಳಾಂಗಣದಲ್ಲಿ. 1971ರಲ್ಲಿ ಅಮೆರಿಕದ ಟೇಬಲ್ ಟೆನಿಸ್ ಆಟಗಾರರು ಬಂದು ಆಡಿ, ಎರಡು ದೇಶಗಳ ನಡುವಿನ ಮೌನ ಮುರಿದ ಜಾಗ ಅದು. ಅಲ್ಲಿ ಪಾಪದಾಕಿಸ್–ಸಿಜರೋನ್ ಚಿನ್ನ ಗೆದ್ದರು. ವಾಂಗ್ ಮತ್ತು ಲ್ಯು 12ನೆಯವರಾದರು. ಕೆಲವೇ ದಿನಗಳಲ್ಲಿ ಅದೇ ಅಂಕಣದಲ್ಲಿ ಸ್ವೇ ವೆನ್‌ಜಿಂಗ್ ಮತ್ತು ಹಾನ್ ಸಾಂಗ್ ಪೇರ್ಸ್ ಚಿನ್ನ ಗೆದ್ದು ಚೀನಾದ ಸಂಭ್ರಮವನ್ನೆಲ್ಲ ತಮ್ಮದಾಗಿಸಿಕೊಂಡರು.

ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಕಾಡುವುದು ಇದೇ. ಪದಕಪಟ್ಟಿಯೊಂದನ್ನೇ ಆಕರವಾಗಿಟ್ಟುಕೊಂಡರೆ 22ಕ್ಕೂ 12ಕ್ಕೂ ವ್ಯತ್ಯಾಸವೇ ಇಲ್ಲ; ಎರಡೂ ಅದರಲ್ಲಿ ಇಲ್ಲ. ಆದರೆ ಪ್ಯೊಂಗ್‌ಚಾಂಗ್‌ನಲ್ಲಿ ಸಿಗದೆ ಹೋದ ಎರಡನೆಯ ಸುತ್ತು ಬೀಜಿಂಗ್‌ನಲ್ಲಿ ಸಿಕ್ಕಿತು. ವಾಂಗ್ ಆ ನೃತ್ಯವನ್ನು ತನ್ನ ದೇಶದ ಜನರೆದುರು ಕೊನೆಯವರೆಗೂ ಕುಣಿದಳು.