ಬಿತ್ತನೆ ಆಲೂಗಡ್ಡೆಯ ಸಂಗ್ರಹಣೆ

ಬಿತ್ತನೆ ಆಲೂಗಡ್ಡೆ ಎಂದರೆ ಮುಂದಿನ ಬೆಳೆಗಾಗಿ ಕಾದಿರಿಸಿದ ಗೆಡ್ಡೆ. ಕಿತ್ತ ಗೆಡ್ಡೆ ಕೆಲವು ವಾರಗಳ ಸುಪ್ತಾವಸ್ಥೆಯ ಬಳಿಕ ಮೊಳೆಯುವುದರಿಂದ, ತಿಂಗಳುಗಟ್ಟಲೆ ಇಡಲು 2–4 °ಸೆ. ಉಷ್ಣತೆಯ ಶೀತಲಗೃಹ ಬೇಕು. ಈ ತಂಪಿನಲ್ಲಿ ಪಿಷ್ಟದ ಒಂದಂಶ ಸಕ್ಕರೆಯಾಗುತ್ತದೆ. ಬಿತ್ತನೆಗೆ ಇದು ಬಾಧಕವಲ್ಲ, ಕರಿದರೆ ಮಾತ್ರ ಕಪ್ಪಾಗುತ್ತದೆ. ಬಿತ್ತುವ ಮುನ್ನ ಗೆಡ್ಡೆಗಳನ್ನು ಹೊರತೆಗೆದು, ನೇರ ಬಿಸಿಲು ತಾಗದ ಬೆಳಕಿನಲ್ಲಿ ಹರಡಿದರೆ ಗಿಡ್ಡನೆಯ ಗಟ್ಟಿ ಮೊಳಕೆ ಬರುತ್ತದೆ. ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ಸುಲಭವಾಗಿ ಮುರಿಯುತ್ತದೆ. ಬೆಳಕಿಗೆ ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಎಂಬ ವಿಷವಸ್ತು ಹೆಚ್ಚುವುದರಿಂದ ಅದು ತಿನ್ನಲು ಯೋಗ್ಯವಲ್ಲ.

ಹಾಸನ ಜಿಲ್ಲೆಯ ಮುಂಗಾರು ಬೆಳೆಗೆ ಬಿತ್ತನೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ. ಅಲ್ಲಿನ ಚಳಿಗಾಲದಲ್ಲಿ ವೈರಾಣು ಹರಡುವ ಗಿಡಹೇನುಗಳು ವಿರಳ. ಸ್ವಂತ ಗೆಡ್ಡೆಯನ್ನೇ ವರ್ಷವರ್ಷವೂ ಬಿತ್ತುವುದು ಅಗ್ಗವೆನಿಸಿದರೂ, ಒಳಗುಳಿದ ವೈರಾಣುವಿನಿಂದ ಇಳುವರಿ ಕುಗ್ಗುತ್ತದೆ. ಅಂಗಮಾರಿ ರೋಗದ ಸೋಂಕೂ ನೋಡಲು ಚೆನ್ನಾಗಿರುವ ಗೆಡ್ಡೆಯಲ್ಲಿ ಅಡಗಿರಬಹುದು.