ಎಡನೀರಿನ ದಾವೆ, ಕೌಡೂರಿನ ನ್ಯಾಯಮೂರ್ತಿ

ಗಡಿನಾಡಿನ ನಮಗೆ ‘ಕೆ. ಎಸ್. ಹೆಗ್ಡೆ’ ಎಂದರೆ ಮೊದಲು ನೆನಪಾಗುವುದು ದೇರಳಕಟ್ಟೆಯ ಆಸ್ಪತ್ರೆ. ತಲಪಾಡಿ ದಾಟಿ ಅಲ್ಲಿಗೆ ಹೋಗಿ ಚೀಟಿ ಮಾಡಿಸಿ ಬಂದವರು ನಮ್ಮ ಮನೆಗಳಲ್ಲಿ ಒಬ್ಬರಾದರೂ ಇದ್ದಾರು. ಆ ಹೆಸರಿನವರು ಯಾರಪ್ಪಾ ಎಂದು ಮಗಳು ಕೇಳಿದಾಗ ನನಗೆ ಒಂದು ಮಾತಿನಲ್ಲಿ ಹೇಳಲಾಗಲಿಲ್ಲ. ಹೇಳಹೊರಟರೆ ಕಥೆ ನಮ್ಮ ಎಡನೀರು ಮಠದ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಕೌಡೂರು ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರಲ್ಲಿ, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಆಗ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1947ರಿಂದ 1951ರ ವರೆಗೆ ಅವರು ಆ ಜಿಲ್ಲೆಯ ಸರಕಾರಿ ವಕೀಲರು. ನಮ್ಮ ಕಡೆಯವರು ಕೋರ್ಟು ಕಚೇರಿಗೆಂದು ಮಂಗಳೂರಿಗೆ ಹೋಗುತ್ತಿದ್ದ ಕಾಲ ಅದು.

1952ರಲ್ಲಿ ಅವರು ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಆಯ್ಕೆಯಾದರು. ಆರಿಸಿದವರು ಮದ್ರಾಸ್ ವಿಧಾನಸಭೆಯ ಸದಸ್ಯರು. ಆ ಮದ್ರಾಸ್ ರಾಜ್ಯ ಎಷ್ಟು ದೊಡ್ಡದೆಂದರೆ ನಮ್ಮ ಚಂದ್ರಗಿರಿ ಹೊಳೆಯೂ ಅದರಲ್ಲೇ, ದಿಂಡಿಗಲ್ಲೂ ಕಂಬಂ ಕಣಿವೆಯೂ ಅದರಲ್ಲೇ. (ಕಂಬಂ ಕಡೆಯ ಕಪ್ಪಿಲಿಯರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರು, ನಮ್ಮಂತೆಯೇ ಬೇರೆ ಭಾಷೆಯ ನಡುವೆ ಉಳಿದವರು.) 1956ರ ನವೆಂಬರ್ 1ರಂದು ಗೆರೆ ಎಳೆದಾಗ ಹೆಗ್ಡೆಯವರ ಊರು ಮೈಸೂರಿಗೆ ಹೋಯಿತು, ನಮ್ಮದು ಕೇರಳಕ್ಕೆ ಬಂತು.

ಮರುವರ್ಷ ಅವರು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಪಕ್ಷದ ಸಂಸತ್ ಸದಸ್ಯರೊಬ್ಬರು ನೇರವಾಗಿ ನ್ಯಾಯಪೀಠಕ್ಕೆ ಬಂದದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ಉತ್ತರ ಅವರ ತೀರ್ಪುಗಳಲ್ಲಿದೆ. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಏರಿದ ಮೇಲೆ ಅವರು ಹಳೆಯ ಪಕ್ಷದ ಮುಖ ನೋಡಲಿಲ್ಲ. ಬ್ಯಾಂಕ್ ಗುಮಾಸ್ತನಾದ ನನಗೆ ಒಂದು ಉದಾಹರಣೆ ಹತ್ತಿರದ್ದು. 1969ರಲ್ಲಿ ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮ ಹಳೆಯ ಜಿಲ್ಲೆಯಲ್ಲೇ ಹುಟ್ಟಿದವು. 1970ರ ಫೆಬ್ರವರಿಯಲ್ಲಿ ಆ ಕಾಯಿದೆಯನ್ನು ಹತ್ತು ನ್ಯಾಯಾಧೀಶರು ತಳ್ಳಿಹಾಕಿದರು. ಹೆಗ್ಡೆಯವರು ಆ ಹತ್ತರಲ್ಲಿ ಒಬ್ಬರು. ಒಪ್ಪದೆ ಉಳಿದವರು ಎ. ಎನ್. ರೇ ಒಬ್ಬರೇ. ಸರಕಾರ ಕೂಡಲೇ ಬೇರೆ ಸುಗ್ರೀವಾಜ್ಞೆ ತಂದದ್ದರಿಂದ ಬ್ಯಾಂಕುಗಳು ಸರಕಾರದ ಕೈಯಲ್ಲೇ ಉಳಿದವು.

ಅದೇ 1970ರ ಮಾರ್ಚಿಯಲ್ಲಿ ಎಡನೀರಿನ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಇನ್ನೂ ಮೂವತ್ತು ತುಂಬದ ಪ್ರಾಯ. ಕೇರಳದ ಭೂಸುಧಾರಣೆ ಕಾಯಿದೆಯಿಂದ ಮಠದ ಭೂಮಿ ಹೋಗುವುದರಲ್ಲಿತ್ತು. ಗೇಣಿದಾರನಿಗೆ ಭೂಮಿ ಸಿಕ್ಕಿದ್ದು ನ್ಯಾಯವೆಂದೇ ನಾನು ನಂಬುವವನು. ಆದರೂ ಆ ದಾವೆ ಭೂಮಿಯಲ್ಲಿ ನಿಲ್ಲಲಿಲ್ಲ. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬಲ್ಲಿಗೆ ಬೆಳೆಯಿತು. 13 ನ್ಯಾಯಾಧೀಶರು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರಂತೆ ತೀರ್ಪು: ತಿದ್ದಬಹುದು, ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳರಲ್ಲಿ ಹೆಗ್ಡೆಯವರಿದ್ದರು. ಹಳೆಯ ಜಿಲ್ಲೆಯ ಒಬ್ಬರು ದಾವೆ ಹೂಡಿದವರು, ಇನ್ನೊಬ್ಬರು ತೀರ್ಪು ಬರೆದವರು! ಮಠದ ಭೂಮಿ ಮಾತ್ರ ಉಳಿಯಲಿಲ್ಲ.

ಎರಡೇ ದಿನದಲ್ಲಿ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಹಿಂದೆ ಹಾಕಿ ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ಮೇಲಿನ ಸಿಟ್ಟಿಗೆ ಇನ್ನೊಂದು ಕಾರಣವನ್ನೂ ಹೇಳುವುದುಂಟು. ಇಂದಿರಾ ಗಾಂಧಿಯವರ 1971ರ ಆಯ್ಕೆಯನ್ನು ಪ್ರಶ್ನಿಸಿದ್ದ ರಾಜ್ ನಾರಾಯಣರ ಒಂದು ಮೇಲ್ಮನವಿ 1972ರಲ್ಲಿ ಅವರ ಪೀಠದ ಮುಂದೆ ಬಂದಿತ್ತು. ಆದೇಶ ರಾಜ್ ನಾರಾಯಣರ ಪರವಾಗಿ ಹೋಗಿತ್ತು.

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕೆಳಗಿನ ಕೋರ್ಟಿನ ನ್ಯಾಯಾಧೀಶರನ್ನೂ ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಮತ ಕೇಳಬೇಕಾದರೆ ಕರಿಕೋಟು ಕಳಚಲೇಬೇಕು. ಮುಖ್ಯ ನ್ಯಾಯಾಧೀಶ ಸುಬ್ಬರಾವ್ 1967ರಲ್ಲಿ ರಾಷ್ಟ್ರಪತಿ ಚುನಾವಣೆಗೆಂದೇ ರಾಜೀನಾಮೆ ಕೊಟ್ಟು ನಿಂತು ಸೋತರು. ಅದು ನನಗೆ ಅಷ್ಟು ಹಿಡಿಸಿದ್ದಲ್ಲ. ಹೆಗ್ಡೆಯವರು ರಾಜೀನಾಮೆ ಕೊಟ್ಟದ್ದು ಅವಮಾನಕ್ಕೆ. ಚುನಾವಣೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ.

1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣಕ್ಕೆ ನಿಂತರು. ಎದುರಿಗೆ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28ರಲ್ಲಿ 26 ಸ್ಥಾನ ಅದಕ್ಕೇ. ಉಳಿದವು ಎರಡು, ಹಾಸನ ಮತ್ತು ಬೆಂಗಳೂರು ದಕ್ಷಿಣ. ಅಲೆಯಲ್ಲಿ ತೇಲಿ ಗೆದ್ದವರು ಎಂದು ಹೆಗ್ಡೆಯವರನ್ನು ಯಾರೂ ಹೇಳುವಂತಿಲ್ಲ. ಜುಲೈಯಲ್ಲಿ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ತೆರವಾದ ಲೋಕಸಭಾಧ್ಯಕ್ಷರ ಪೀಠ ಇವರಿಗೆ ಬಂತು. ಸಂವಿಧಾನವನ್ನು ಸಂಸತ್ತಿನಿಂದ ಕಾಯಬೇಕು ಎಂದವರು ಅದೇ ಸಂಸತ್ತನ್ನು 1980ರ ವರೆಗೆ ನಡೆಸಿದರು.

1979ರಲ್ಲಿ ಅವರು ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಆರಂಭಿಸಿದರು. ದೇರಳಕಟ್ಟೆಯ ಆಸ್ಪತ್ರೆ ಅದರದ್ದೇ. 1990ರ ಮೇಯಲ್ಲಿ ತೀರಿಕೊಂಡರು. ಎಡನೀರಿನ ಸ್ವಾಮಿಗಳು ಆ ಮೇಲೂ ಮೂವತ್ತು ವರ್ಷ, 2020ರ ಸೆಪ್ಟೆಂಬರ್ 6ರ ವರೆಗೆ, ಮಠದಲ್ಲಿ ಸಂಗೀತ, ಯಕ್ಷಗಾನಗಳ ನಡುವೆ ಇದ್ದರು. ಮಗಳಿಗೆ ಇಷ್ಟನ್ನೂ ಹೇಳಿದೆ. “ಹಾಗಾದರೆ ನಮ್ಮ ಶಾಲೆಯ ಪುಸ್ತಕದಲ್ಲಿ ಯಾಕಿಲ್ಲ?” ಎಂದಳು.