ಖಾಲಿಯಾದ ಇಂಪ್ಲಾಂಟ್: ಮಸ್ಟ್ ಅಧ್ಯಯನದ ಏಳು ವರ್ಷಗಳ ಫಲಿತಾಂಶದ ಮರುಓದು

ಕಣ್ಣಿನ ಹಿಂಭಾಗದ ವಿಟ್ರಿಯಸ್, ಕೋರಾಯ್ಡ್, ರೆಟಿನಾಗಳನ್ನು ಹಿಡಿಯುವ ಯುವಿಯೈಟಿಸ್ ಎಂಬ ಉರಿಯೂತದಲ್ಲಿ ಸೋಂಕಿಲ್ಲವೆಂದು ಖಚಿತವಾದರೆ ಮೊದಲ ಮದ್ದು ಸ್ಟೀರಾಯ್ಡ್. ಇದರಲ್ಲಿ ಭಿನ್ನಮತವಿಲ್ಲ. ಕಣ್ಣಿಗೆ ಬಿಡುವ ಹನಿ ಹಿಂಭಾಗಕ್ಕೆ ಸಾಕಷ್ಟು ತಲುಪುವುದಿಲ್ಲ. ಹಾಗಾಗಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1 ಮಿ.ಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಇಲ್ಲವೇ ಕಣ್ಣಿನೊಳಗೇ ಮದ್ದು ಇಡುತ್ತಾರೆ. ಮಾತ್ರೆ ಮೈಗೆಲ್ಲ ತೊಂದರೆ ಕೊಡುತ್ತದೆ. ಒಳಗಿಟ್ಟ ಮದ್ದು ಪೊರೆಯನ್ನೂ ಗ್ಲಾಕೋಮಾವನ್ನೂ ತರುತ್ತದೆ. ಇಷ್ಟು ಎಲ್ಲರೂ ಬಲ್ಲದ್ದು. ಇವೆರಡರಲ್ಲಿ ಯಾವುದು ಮೇಲು ಎಂಬಲ್ಲಿಂದ ತಕರಾರು ಶುರುವಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 255 ರೋಗಿಗಳ 479 ಕಣ್ಣುಗಳ ಮೇಲೆ ನಡೆದ ಮಸ್ಟ್ ಅಧ್ಯಯನ. ಒಂದು ಗುಂಪಿನವರ ಕಣ್ಣಿಗೆ 0.59 ಮಿ.ಗ್ರಾಂ ಫ್ಲುಯೊಸಿನೊಲೋನ್ ತುಂಬಿದ ಇಂಪ್ಲಾಂಟನ್ನು ಶಸ್ತ್ರಚಿಕಿತ್ಸೆಯಲ್ಲಿ ಹೊಲಿದು ಕೂರಿಸಿದರು. ಇನ್ನೊಂದು ಗುಂಪಿಗೆ ಸ್ಟೀರಾಯ್ಡ್ ಮಾತ್ರೆ, ಅಗತ್ಯವಿದ್ದಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. 2011ರಲ್ಲಿ ಬಂದ ಎರಡು ವರ್ಷಗಳ ವರದಿಯ ಪ್ರಕಾರ ಇಂಪ್ಲಾಂಟ್ ಗುಂಪಿನ ದೃಷ್ಟಿ ಸರಾಸರಿ 6.0 ಅಕ್ಷರ, ಮಾತ್ರೆಯ ಗುಂಪಿನದು 3.2 ಅಕ್ಷರ ಸುಧಾರಿಸಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಈ ಅಂತರ ನಿಲ್ಲಲಿಲ್ಲ. 54 ತಿಂಗಳಿಗೂ ಎರಡೂ ಗುಂಪು ಸಮಸಮ. ಆದರೆ 2017ರಲ್ಲಿ ಪ್ರಕಟವಾದ ಏಳು ವರ್ಷಗಳ ಲೆಕ್ಕದಲ್ಲಿ ಇಂಪ್ಲಾಂಟ್ ಗುಂಪು ಮೊದಲಿಗಿಂತ ಸುಮಾರು 6 ಅಕ್ಷರ ಕೆಳಗಿಳಿದಿತ್ತು, ಮಾತ್ರೆಯ ಗುಂಪು 1 ಅಕ್ಷರ ಮೇಲಿತ್ತು. ತಪಾಸಣೆಯ ಫಲಕದಲ್ಲಿ ಸಾಲಿಗೆ ಐದು ಅಕ್ಷರ. ಏಳು ಅಕ್ಷರವೆಂದರೆ ಹೆಚ್ಚುಕಡಿಮೆ ಒಂದೂವರೆ ಸಾಲು. ಬಸ್ಸಿನ ಬೋರ್ಡು ಓದುವವನಿಗೆ ಅದು ಸಣ್ಣ ನಷ್ಟವಲ್ಲ.

‘ಹಾಗಾದರೆ ಮಾತ್ರೆಯ ದಾರಿಯೇ ಮೇಲು’ ಎಂಬ ಓದು ಅಂದಿನಿಂದ ರೂಢಿಯಾಗಿದೆ. ನನ್ನ ತಕರಾರು ಈ ಓದಿನ ಬಗ್ಗೆ.

ಆ ಇಂಪ್ಲಾಂಟ್ ಮದ್ದು ಸುರಿಸುವುದು ಸುಮಾರು 30 ತಿಂಗಳು ಮಾತ್ರ. ಎರಡು ವರ್ಷಕ್ಕೆ, ಅಂದರೆ ಅದರಲ್ಲಿ ಮದ್ದು ಇನ್ನೂ ಇದ್ದಾಗ, ಉರಿಯೂತ ಹತೋಟಿಯಲ್ಲಿದ್ದ ಕಣ್ಣುಗಳು ಆ ಗುಂಪಿನಲ್ಲಿ 88%, ಮಾತ್ರೆಯ ಗುಂಪಿನಲ್ಲಿ 71%. ದೃಷ್ಟಿಯ ಅಂತರ ತೆರೆದುಕೊಂಡದ್ದು 54 ತಿಂಗಳ ನಂತರ, ಮದ್ದು ಮುಗಿದು ಬಹುಕಾಲವಾದ ಮೇಲೆ. ನನಗೆ ಕಾಣುವಂತೆ ಏಳು ವರ್ಷಗಳ ಅಂಕಿ ಅಳೆದದ್ದು ಮದ್ದು ಹೋಗುವ ದಾರಿಯನ್ನಲ್ಲ. ಒಂದು ಕಡೆ ಪ್ರತಿ ಭೇಟಿಯಲ್ಲೂ ಡೋಸ್ ತಿದ್ದುವ ಚಿಕಿತ್ಸೆ, ಇನ್ನೊಂದು ಕಡೆ ಒಮ್ಮೆ ತುಂಬಿಟ್ಟು ಖಾಲಿಯಾಗಲು ಬಿಟ್ಟ ಡಬ್ಬಿ: ತೂಗಿದ್ದು ಇವೆರಡನ್ನು.

ಈ ಮಾತನ್ನು ಹೇಳಿದಷ್ಟೇ ಬಿಗಿಯಾಗಿ ಹಿಡಿಯಲಾರೆ. ಮೊದಲ ಅಡ್ಡಿ ಗ್ಲಾಕೋಮಾ. ಏಳು ವರ್ಷಗಳಲ್ಲಿ ಇಂಪ್ಲಾಂಟ್ ಗುಂಪಿನ ಸುಮಾರು 45% ಕಣ್ಣುಗಳಿಗೆ ಗ್ಲಾಕೋಮಾ ಶಸ್ತ್ರಚಿಕಿತ್ಸೆ ಬೇಕಾಯಿತು. ಇನ್ನೊಂದರಲ್ಲಿ ಸುಮಾರು 12%. ಗ್ಲಾಕೋಮಾ ತರುವ ಕಣ್ಣಿನೊಳಗಿನ ಒತ್ತಡವೇ ದೃಷ್ಟಿ ಕಸಿದಿದ್ದರೆ 54 ತಿಂಗಳಿಗೇ ಅದರ ಸುಳಿವು ಸಿಗಬೇಕಿತ್ತು ಎಂದು ವಾದಿಸಬಹುದು. ಆದರೆ ಗ್ಲಾಕೋಮಾ ಮೊದಲು ತಿನ್ನುವುದು ನೋಟದ ಅಂಚನ್ನು. ಫಲಕದ ಅಕ್ಷರಗಳಿಗೆ ಕೈಹಾಕುವುದು ತಡವಾಗಿ. ಆದ್ದರಿಂದ ಅದನ್ನು ಪೂರ್ತಿ ದೋಷಮುಕ್ತವೆನ್ನಲು ಬಾರದು. ಎರಡನೆಯದು, ಮೊದಲ ಹಂತ ಮುಗಿದ ಮೇಲೆ ಚಿಕಿತ್ಸೆಯ ನಿರ್ಧಾರ ವೈದ್ಯರಿಗೇ ಬಿಟ್ಟದ್ದು. ಮತ್ತೆ ಇಂಪ್ಲಾಂಟ್ ಇಡಲು ಯಾರೂ ತಡೆದಿರಲಿಲ್ಲ. ಜೊತೆಗೆ ಏಳನೆಯ ವರ್ಷದ ಮಾಹಿತಿ ಸಿಕ್ಕಿದ್ದು ಸುಮಾರು 70% ಕಣ್ಣುಗಳದು ಮಾತ್ರ. ಉಳಿದವರು ವಾಸಿಯಾಗಿ ಬಾರದೇ ಹೋದರೋ ಬೇಸತ್ತು ಹೋದರೋ, ಅಂಕಿ ಹೇಳುವುದಿಲ್ಲ.

ಮಾತ್ರೆಯ ಗುಂಪನ್ನು ‘ಸ್ಟೀರಾಯ್ಡ್ ಗುಂಪು’ ಎಂದು ಕರೆಯುವುದೂ ದಾರಿ ತಪ್ಪಿಸುತ್ತದೆ. ಅಲ್ಲಿನ ಬಹುಪಾಲು ರೋಗಿಗಳ ಭಾರ ಹೊತ್ತದ್ದು ಸ್ಟೀರಾಯ್ಡಿನ ಅಗತ್ಯವನ್ನು ತಗ್ಗಿಸುವ, ರೋಗನಿರೋಧಕ ಶಕ್ತಿಯನ್ನು ಇಳಿಸುವ ಆ ಔಷಧಿಗಳು. ಮದುರೈನ ಅರವಿಂದ್ ಆಸ್ಪತ್ರೆಯ ಎಸ್. ಆರ್. ರತಿನಂ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ, 216 ರೋಗಿಗಳ ಫಾಸ್ಟ್ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಉರಿಯೂತ ಅಡಗಿದರಷ್ಟೇ ಗೆಲುವಲ್ಲ, ಪ್ರೆಡ್ನಿಸೊಲೋನ್ ದಿನಕ್ಕೆ 7.5 ಮಿ.ಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿದಿರಬೇಕು. ಆರು ತಿಂಗಳಿಗೆ ಈ ಗುರಿ ಮುಟ್ಟಿದವರು ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್‌ನಲ್ಲಿ 66.7%, ಮೈಕೊಫಿನೊಲೇಟ್‌ನಲ್ಲಿ 57.1%. ದುಬಾರಿ ಮದ್ದು ಅಗ್ಗದ್ದನ್ನು ಮೀರಿಸಲಿಲ್ಲವೆಂಬುದು ನಮ್ಮ ರೋಗಿಗಳ ಮಟ್ಟಿಗೆ ಸಣ್ಣ ಸುದ್ದಿಯಲ್ಲ. ಇಲ್ಲಿ ಸ್ಟೀರಾಯ್ಡ್ ಬರೀ ಸೇತುವೆ. ದಾಟಿದ ಮೇಲೆ ಅದರ ಮೇಲೆಯೇ ನಿಲ್ಲುವಂತಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕ್ಷಯದಿಂದ ಬರುವ ಕೋರಾಯ್ಡಿನ ಉರಿಯೂತ ಸೋಂಕಿಲ್ಲದ ರೋಗದಂತೆಯೇ ಕಾಣಬಲ್ಲದು. ಇಲ್ಲಿ ಸ್ಟೀರಾಯ್ಡ್ ಚೀಟಿಗಿಂತ ಮೊದಲು ಎದೆಯ ಎಕ್ಸ್‌ರೇ, ಮಾಂಟೂ ಪರೀಕ್ಷೆ ಆಗಬೇಕು. ಮೇಲಿನ ಅಂಕಿಗಳು ಈ ಜರಡಿ ದಾಟಿದವರಿಗೆ ಮಾತ್ರ ಸಲ್ಲುತ್ತವೆ.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 0.18 ಮಿ.ಗ್ರಾಂ ಫ್ಲುಯೊಸಿನೊಲೋನ್ ಕಡ್ಡಿಯನ್ನು ಹೊಲಿಯಬೇಕಿಲ್ಲ, ಸೂಜಿಯಲ್ಲೇ ಒಳಗಿಡಬಹುದು. 36 ತಿಂಗಳು ನಡೆಯುವಂತೆ ಅದನ್ನು ರೂಪಿಸಲಾಗಿದೆ. ಅದನ್ನು ಖಾಲಿಯಾಗುವ ಮುನ್ನವೇ ಮತ್ತೆ ಮತ್ತೆ ಇಡುತ್ತ, ಏಳು ವರ್ಷ ಮಾತ್ರೆಯ ಎದುರು ನಿಲ್ಲಿಸಿ ನೋಡಿದರೆ ನನ್ನ ಓದು ನಿಲ್ಲುವುದೋ ಬೀಳುವುದೋ ಗೊತ್ತಾಗುತ್ತದೆ. ಒಂದೇ ಕಣ್ಣಿಗೆ ರೋಗವಿರುವವರನ್ನು ಆ ಲೆಕ್ಕದಲ್ಲಿ ಬೇರೆಯಾಗಿಯೇ ಇಡಬೇಕಾದೀತು.